ಬಾಯಿ ಬಿಡದೆ ಕೂತ ಅರ್ಧ ಗಂಟೆ

ರಕ್ತ ತೆಗೆಯುವವರ ಕೈ ನಡುಗಬಾರದು. ಉಪ್ಪಳದ ಹೆದ್ದಾರಿ ಬದಿಯ ಲ್ಯಾಬೊಂದರಲ್ಲಿ ಹದಿನೇಳು ವರ್ಷ ಸೂಜಿ ಹಿಡಿದ ನನ್ನ ಕೈ ಕಳೆದ ವರ್ಷ ಒಂದು ಬೆಳಗ್ಗೆ ನಡುಗಿತು. ಮುಂದೆ ಕೂತಿದ್ದವರು ಬರಿಹೊಟ್ಟೆಯಲ್ಲಿ ಬಂದ ಒಬ್ಬ ಅಜ್ಜಿ. ನರ ಎದ್ದು ಕಾಣುತ್ತಿತ್ತು, ಹೊಸಬರಿಗೂ ಸಿಗುವಂಥ ನರ. ನಾನು ಮೂರು ಸಲ ಚುಚ್ಚಿದೆ. ನನ್ನ ಎದೆ ಬಡಿಯುವುದು ನನ್ನ ಕಿವಿಗೇ ಕೇಳುತ್ತಿತ್ತು. ಅಜ್ಜಿ ಪಾಪ, ಇನ್ನೊಂದು ಕೈ ಚಾಚಿ ಇದರಲ್ಲಿ ನೋಡು ಮಗಾ ಎಂದರು. ನನಗೆ ಅಳು ಬಂತು. ಸಿರಿಂಜನ್ನು ಜತೆಯವಳ ಕೈಗೆ ಕೊಟ್ಟು ಒಳಗೆ ಹೋದೆ.

ಆಮೇಲೆ ಅದು ವಾರಕ್ಕೆರಡು ಸಲ, ಮೂರು ಸಲ ಆಯಿತು. ಲ್ಯಾಬಿನ ಯಜಮಾನರು ಒಳ್ಳೆಯವರು. ಸ್ವಲ್ಪ ದಿನ ರಿಪೋರ್ಟು ಕೊಡುವ ಕೌಂಟರಿನಲ್ಲಿ ಕೂತುಕೊಳ್ಳಿ, ಸರಿಯಾಗದಿದ್ದರೆ ಆಮೇಲೆ ನೋಡುವ ಎಂದರು. ಆ 'ಆಮೇಲೆ ನೋಡುವ' ನನಗೆ ಅರ್ಥವಾಯಿತು. ಸೂಜಿ ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಬೆಳಗಿನ ಜನ ಹೆಚ್ಚಿದ್ದಾಗ ಮಾತ್ರ ನಾನೂ ಸೂಜಿ ಹಿಡಿಯಬೇಕಿತ್ತು, ಉಳಿದ ಹೊತ್ತು ಕೌಂಟರು. ಅದು ಇನ್ನೂ ಕಷ್ಟ. ಲಕೋಟೆ ಕೈಗೆ ಸಿಕ್ಕ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ, ಎಂತ ಉಂಟು ಇದರಲ್ಲಿ ಅಂತ. ನಾವು ಕೊಡಬೇಕಾದ ಉತ್ತರವೂ ಒಂದೇ, ಡಾಕ್ಟ್ರು ಹೇಳ್ತಾರೆ. ಅದು ಲ್ಯಾಬಿನ ನಿಯಮ.

ನನ್ನ ಸ್ವಭಾವದ ದೊಡ್ಡ ಕಾಯಿಲೆಯೆಂದರೆ ಕುತೂಹಲ. ಕೈ ಯಾಕೆ ನಡುಗುತ್ತದೆ ಎಂದು ತಿಳಿಯದೆ ಬಿಡುವವಳಲ್ಲ. ನನ್ನ ರಕ್ತ ನಾನೇ ಕೊಟ್ಟು ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಏನೇನು ಸಾಧ್ಯವೋ ಎಲ್ಲ ನೋಡಿದೆ. ಎಲ್ಲ ನಾರ್ಮಲ್. ಇಸಿಜಿಯೂ ನಾರ್ಮಲ್. ನಾರ್ಮಲ್ ಎಂಬ ಮಾತು ಕಂಡು ಸಿಟ್ಟು ಬಂದದ್ದು ಜೀವನದಲ್ಲಿ ಅದೇ ಮೊದಲು. ಏನಾದರೂ ಒಂದು ಹೆಚ್ಚು ಕಡಿಮೆ ಇದ್ದಿದ್ದರೆ ಅದಕ್ಕೊಂದು ಮಾತ್ರೆಯಾದರೂ ಇರುತ್ತಿತ್ತು.

ಅಮ್ಮನ ದಾರಿ ಬೇರೆ. ಅವಳು ನನ್ನನ್ನು ಮಧೂರಿನ ಕಡೆಯ ಒಬ್ಬ ಜೋಯಿಸರಲ್ಲಿಗೆ ಪ್ರಶ್ನೆ ಇಡಲು ಕರೆದುಕೊಂಡು ಹೋದಳು. ನಮ್ಮಲ್ಲಿ ಪ್ರಶ್ನೆಗೆ ಕೂತರೆ ಬಾಯಿ ಬಿಡುವ ಕ್ರಮವಿಲ್ಲ. ಕಷ್ಟ ಏನೆಂದು ನಾವು ಹೇಳಬಾರದು, ಕವಡೆ ನೋಡಿ ಅವರೇ ಹೇಳಬೇಕು. ಮೊದಲೇ ಹೇಳಿಬಿಟ್ಟರೆ ಅವರ ವಿದ್ಯೆ ಎಷ್ಟರಮಟ್ಟಿನದೆಂದು ತಿಳಿಯುವುದು ಹೇಗೆ? ನಾನು ಎಲ್ಲಾದರೂ ಹೂಂ ಅಂದೇನೋ ಎಂದು ಅಮ್ಮ ಮೊಣಕೈಯಿಂದ ತಿವಿಯುತ್ತಲೇ ಇದ್ದಳು. ಜೋಯಿಸರು ನಾಗನ ಅಸಮಾಧಾನ ಎಂದರು, ಮನಸ್ಸಿಗೆ ಭಾರ ಎಂದರು. ಹೇಳಿದ್ದನ್ನೆಲ್ಲ ಮಾಡಿಸಿದೆವು. ಮಧೂರಿನ ದೇವಸ್ಥಾನದಲ್ಲಿ ಅಪ್ಪದ ಸೇವೆಯೂ ಆಯಿತು. ಹೊಳೆಯ ಬದಿ ನಿಂತು ಪ್ರಸಾದದ ಆ ಸಿಹಿ ಅಪ್ಪ ತಿನ್ನುವಾಗ ನಿಜಕ್ಕೂ ಹಾಯೆನಿಸಿತು. ಎರಡು ವಾರ ಕೈ ನಡುಗಲಿಲ್ಲ. ಮೂರನೆಯ ವಾರ ಮತ್ತೆ ನಡುಗಿತು.

ಆಗ ಸರಕಾರಿ ಆಸ್ಪತ್ರೆಯ ಡಾಕ್ಟರು, ಗುರುವಾರ ಒಬ್ಬರು ಕೌನ್ಸೆಲರ್ ಬರುತ್ತಾರೆ, ಒಮ್ಮೆ ಹೋಗಿ ಬನ್ನಿ ಎಂದರು. ತಲೆ ಕೆಟ್ಟವರು ಹೋಗುವ ಜಾಗವೆಂದು ಮೊದಲು ಹೆದರಿದೆ. ಆದರೆ ಹೆದರಿಕೆಗಿಂತ ಕುತೂಹಲ ಒಂದು ತೂಕ ಹೆಚ್ಚಾಯಿತು. ನನ್ನ ಹತ್ತಿರ ಯಂತ್ರ ಉಂಟು, ಜೋಯಿಸರ ಹತ್ತಿರ ಕವಡೆ ಉಂಟು, ಇವರ ಹತ್ತಿರ ಎಂತ ಉಂಟು? ಅದನ್ನು ನೋಡಲೆಂದೇ ಹೋದೆ.

ಏನೂ ಇರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಒಂದು ನೀರಿನ ಬಾಟಲಿ. ಕಣ್ಣೂರಿನ ಕಡೆಯ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡದಲ್ಲಿ, ಹೇಳಿ ಎಂದು ಕೂತಳು. ನಾನೂ ಕೂತೆ. ಅಮ್ಮನ ಮೊಣಕೈ ಪಕ್ಕದಲ್ಲೇ ಇದೆ ಎಂಬ ಹಾಗೆ ತುಟಿ ಬಿಗಿದುಕೊಂಡೆ. ಇವಳು ಕಲಿತವಳಾದರೆ ಕಂಡುಹಿಡಿಯಲಿ. ನಮ್ಮ ಲ್ಯಾಬಿನಲ್ಲೂ ಅಷ್ಟೇ ತಾನೆ, ನಾವು ರೋಗಿಯನ್ನು ಕೇಳುವುದಿಲ್ಲ, ರಕ್ತ ತಾನೇ ಹೇಳುತ್ತದೆ. ಆಕೆ ಆಗಾಗ ಒಂದು ಚಿಕ್ಕ ಪ್ರಶ್ನೆ ಕೇಳಿದಳು, ನಾನು ತಲೆ ಮಾತ್ರ ಆಡಿಸಿದೆ. ಗೋಡೆಯ ಗಡಿಯಾರದಲ್ಲಿ ಅರ್ಧ ಗಂಟೆ ಕಳೆಯಿತು. ಕೊನೆಗೆ ಆಕೆ ಪೆನ್ನು ಕೆಳಗಿಟ್ಟಳು.

"ನೀವು ಎಂತಕ್ಕೆ ಕಾಯ್ತಾ ಇದ್ದೀರಿ?"

"ನೀವು ಹೇಳ್ಲಿಕ್ಕೆ," ಎಂದೆ.

"ನನಗೆ ಗೊತ್ತಿಲ್ಲ. ನೀವು ಹೇಳದೆ ಗೊತ್ತಾಗುವುದೂ ಇಲ್ಲ."

ಆ ಕಡೆಯ ಕುರ್ಚಿಯಲ್ಲಿ ಕೂತವರು ಗೊತ್ತಿಲ್ಲ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಮಾತನ್ನು ಡಾಕ್ಟರು ಹೇಳುವುದಿಲ್ಲ, ಜೋಯಿಸರು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ನನಗೆ ನಗು ಬಂತು. ಪ್ರಶ್ನೆಗೆ ಕೂರುವ ನಮ್ಮ ಕ್ರಮವನ್ನು ವಿವರಿಸಿದೆ. ಆಕೆಯೂ ನಕ್ಕಳು, ಹಾಗಾದರೆ ನಾನು ಪರೀಕ್ಷೆಯಲ್ಲಿ ಫೇಲು ಎಂದಳು. ಹೊರಡುವಾಗ ಒಂದು ಕೆಲಸ ಕೊಟ್ಟಳು: ಕೈ ನಡುಗಿದಾಗಲೆಲ್ಲ ಉಸಿರನ್ನು ನಿಧಾನಕ್ಕೆ, ಒಳಗೆ ತೆಗೆದುಕೊಂಡದ್ದಕ್ಕಿಂತ ಉದ್ದ ಹೊರಗೆ ಬಿಡಬೇಕು, ಆಮೇಲೆ ಎದುರಿಗೆ ಯಾರಿದ್ದರು, ಏನು ಮಾತಾಯಿತು ಎಂದು ಬರೆದಿಡಬೇಕು.

ರಿಜಿಸ್ಟರು ಬರೆಯುವುದೆಂದರೆ ನನಗೆ ಹಬ್ಬ. ಗೆರೆ ಎಳೆದು, ಕಾಲಂ ಮಾಡಿ ಬರೆದೆ. ಮನೆಯಲ್ಲಿ ಚಿಕ್ಕಮ್ಮ ತಮಾಷೆ ಮಾಡಿದಳು. ಅಮ್ಮನ ತಂಗಿಯಾದ ಇವಳು ಮೊದಲಿನಿಂದ ನಮ್ಮ ಜತೆಯೇ ಇರುವವಳು, ಬೀಡಿ ಕಟ್ಟಿ ನನ್ನ ಲ್ಯಾಬ್ ಕೋರ್ಸು ಓದಿಸಿದವಳು. ಸುಮ್ಮನೆ ಕೂರಲು ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲೇ ಕೂತು ಎಲೆ ಕತ್ತರಿಸು ಎಂದಳು. ಅವಳಿಗೆ ರಕ್ತದ ಒಂದು ಕಾಯಿಲೆ, ಆಗ ಗೊತ್ತಾಗಿ ಆರು ತಿಂಗಳಾಗಿತ್ತಷ್ಟೆ. ದಿನಕ್ಕೊಂದು ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಬೀಡಿ ಕಟ್ಟುವುದು ಮಾತ್ರ ಬಿಟ್ಟಿರಲಿಲ್ಲ.

ಮೂರು ವಾರದ ನಂತರ ಕೌನ್ಸೆಲರ್ ನನ್ನ ರಿಜಿಸ್ಟರನ್ನು ಗಟ್ಟಿಯಾಗಿ ಓದಿದಳು. ಗಂಡಸರು ಬಂದಾಗ ನಡುಗಿರಲಿಲ್ಲ. ಚಿಕ್ಕ ಮಕ್ಕಳಿಗೆ ಚುಚ್ಚುವಾಗಲೂ ಇಲ್ಲ, ಅದು ಎಷ್ಟು ಕಷ್ಟದ ಕೆಲಸ! ನಡುಗಿದ ಒಂಬತ್ತು ಸಲವೂ ಎದುರಿಗಿದ್ದದ್ದು ಅರುವತ್ತು ದಾಟಿದ ಹೆಂಗಸು, ಒಬ್ಬಳೇ ಬಂದವಳು. ನಾನೇ ಬರೆದದ್ದು, ನನಗೇ ಕಂಡಿರಲಿಲ್ಲ. ಆಕೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಇವರು ಯಾರು ಎಂದು ಕೇಳಿದಳು.

ಆಗ ನಾನು ಚಿಕ್ಕಮ್ಮನ ಕಾಯಿಲೆ ನನಗೆ ಗೊತ್ತಾದ ಆ ಶುಕ್ರವಾರದ ಸಂಗತಿ ಹೇಳಿದೆ. ಸುಸ್ತು ಎಂದು ಚಿಕ್ಕಮ್ಮ ಲ್ಯಾಬಿಗೆ ಒಬ್ಬಳೇ ಬಂದಿದ್ದಳು. ರಕ್ತ ತೆಗೆದದ್ದು ನಾನು, ಸ್ಲೈಡು ನೋಡಿದ್ದೂ ನಾನು. ಸೂಕ್ಷ್ಮದರ್ಶಕದಲ್ಲಿ ಇರಬಾರದ ಕಣಗಳು ತುಂಬಿಕೊಂಡಿದ್ದವು. ಇನ್ನೊಂದು ಸ್ಲೈಡು ಮಾಡಿದೆ, ಅದೂ ಹಾಗೆಯೇ. ಸಂಜೆ ಮನೆಯಲ್ಲಿ ಅವಳು, ಎಂತ ಉಂಟು ರಿಪೋರ್ಟಲ್ಲಿ ಎಂದು ಕೇಳಿದಳು. ಹದಿನೇಳು ವರ್ಷದ ಅಭ್ಯಾಸ, ನಾಲಗೆ ತಾನೇ ಹೊರಳಿತು: ಡಾಕ್ಟ್ರು ಹೇಳ್ತಾರೆ. ಡಾಕ್ಟರು ಸಿಗುವುದು ಸೋಮವಾರ. ನನ್ನನ್ನು ಓದಿಸಿದವಳಿಗೆ ನಾನು ಕೌಂಟರಿನ ಉತ್ತರ ಕೊಟ್ಟೆ. ಎರಡು ದಿನ ಅವಳ ಎದುರು ಓಡಾಡುತ್ತ, ನನಗೆ ಗೊತ್ತಿಲ್ಲ ಎಂಬ ನಾಟಕವಾಡಿದೆ. ಇಷ್ಟು ಹೇಳುವಷ್ಟರಲ್ಲಿ ಮೂಗು, ಕಣ್ಣು ಎಲ್ಲ ಒಂದಾಗಿತ್ತು.

ನಿಮ್ಮದೇನೂ ತಪ್ಪಿಲ್ಲ ಎಂದು ಆಕೆ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಇದನ್ನು ಚಿಕ್ಕಮ್ಮನಿಗೆ ಹೇಳಿದ್ದೀರಾ ಎಂದಷ್ಟೇ ಕೇಳಿದಳು.

ಹೇಳಲು ಮತ್ತೆ ಎರಡು ವಾರ ಬೇಕಾಯಿತು. ಒಂದು ಭಾನುವಾರ ಜಗಲಿಯಲ್ಲಿ ಅವಳ ಎದುರು ಕೂತು, ಬೀಡಿ ಎಲೆ ಕತ್ತರಿಸುತ್ತ, ತಲೆ ಎತ್ತದೆ ಹೇಳಿದೆ. ಶುಕ್ರವಾರವೇ ನನಗೆ ಗೊತ್ತಿತ್ತು ಎಂದೆ. ಅವಳ ಕೈ ನಿಲ್ಲಲಿಲ್ಲ, ಒಂದು ಬೀಡಿಗೆ ನೂಲು ಸುತ್ತಿ ಮುಗಿಸಿದಳು.

"ನನಗೂ ಗೊತ್ತಿತ್ತು ಮಾರಾಯ್ತಿ. ಸಕ್ಕರೆ ಬಿಡು ಅಂತ ದಿನಾ ಬೈಯುವವಳು ಆ ದಿನ ನನ್ನ ಚಾಕ್ಕೆ ಎರಡು ಚಮಚ ಹಾಕಿದಿ."

ಮತ್ತೆ ಯಾಕೆ ಕೇಳಲಿಲ್ಲ ಎಂದೆ.

"ಒಮ್ಮೆ ಕೇಳಿದೆನಲ್ಲ. ಮತ್ತೆ, ನೀನಾಗಿ ಹೇಳ್ತಿಯಾ ನೋಡುವ ಅಂತ ಕೂತೆ. ಸೋಮವಾರದವರೆಗೆ ಕೂತೆ."

ಅವಳು ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು. ಆ ಎರಡು ದಿನ ಒಂದೇ ಮನೆಯಲ್ಲಿ ಇಬ್ಬರೂ ಬಾಯಿ ಬಿಡದೆ ಕೂತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತ. ನನಗೆ ಬಹಳ ನೋವಾಯಿತು. ಅವಳ ಮೊಣಕಾಲಿಗೆ ತಲೆಯಿಟ್ಟು ಅತ್ತೆ, ಹೊಗೆಸೊಪ್ಪಿನ ವಾಸನೆಯ ಕೈ ತಲೆಯ ಮೇಲೆ ಸ್ವಲ್ಪ ಹೊತ್ತು ಇತ್ತು.

ನಿಯಮ ಈಗಲೂ ಇದೆ, ಇರಬೇಕಾದದ್ದೇ. ಆದರೆ ಡಾಕ್ಟ್ರು ಹೇಳ್ತಾರೆ ಎಂದ ಮೇಲೆ ನಾನು ಮುಖ ತಿರುಗಿಸುವುದಿಲ್ಲ. ಬಂದವರನ್ನು ಕೂರಿಸಿ, ಡಾಕ್ಟರಿಗೆ ಫೋನು ಮಾಡಿ, ಬೇಗ ನೋಡಬಹುದಾ ಎಂದು ಕೇಳುತ್ತೇನೆ. ಗುರುವಾರ ಈಗಲೂ ಹೋಗುತ್ತೇನೆ. ಕೈಯ ನಡುಕ ಪೂರ್ತಿ ನಿಂತಿದೆ ಎಂದರೆ ಸುಳ್ಳಾಗುತ್ತದೆ.

ಜಗಲಿಯಲ್ಲಿ ಮಾತಾದ ಮುಂದಿನ ತಿಂಗಳು ಪರೀಕ್ಷೆಗೆ ಚಿಕ್ಕಮ್ಮ ಬಸ್ಸಿಳಿದು ಬಂದು ಕುರ್ಚಿಯಲ್ಲಿ ಕೂತಳು. ಅಷ್ಟು ತಿಂಗಳೂ ಅವಳ ರಕ್ತ ತೆಗೆದವಳು ನನ್ನ ಜತೆಯವಳು. ಅವಳು ಸಿರಿಂಜು ತೆಗೆದುಕೊಳ್ಳುತ್ತಿದ್ದ ಹಾಗೆ ಚಿಕ್ಕಮ್ಮ ಕೌಂಟರಿನಲ್ಲಿದ್ದ ನನ್ನ ಕಡೆ ಬೆರಳು ತೋರಿಸಿ, ಅವಳು ತೆಗೀಲಿ ಎಂದಳು. ಕೈ ನಡುಗಿತು. ಉಸಿರು ಉದ್ದಕ್ಕೆ ಬಿಟ್ಟೆ. ಮೊದಲ ಸಲ ತಪ್ಪಿತು, ಅವಳು ಅಲುಗಾಡಲಿಲ್ಲ. ಎರಡನೆಯ ಸಲಕ್ಕೆ ಸಿಕ್ಕಿತು.

ರಿಪೋರ್ಟು ಬಂದಾಗ ಅವಳು ಬೆಂಚಿನಲ್ಲೇ ಇದ್ದಳು. ಎಂತ ಉಂಟು ಎಂದು ಕೇಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಕೂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳಿದೆ. ಒಂದೆರಡು ಸಾಲು ಚೆನ್ನಾಗಿರಲಿಲ್ಲ, ಅದನ್ನೂ ಓದಿದೆ. ಎಲ್ಲ ಕೇಳಿ ಅವಳು ಒಂದೇ ಮಾತು ಕೇಳಿದಳು.

"ಇವತ್ತು ಚಾಕ್ಕೆ ಸಕ್ಕರೆ ಹಾಕ್ತಿಯಾ?"

ಇಲ್ಲ ಎಂದೆ. ಹಾಗಾದರೆ ಮನೆಗೆ ಹೋಗುವ ಎಂದು ಚೀಲ ಎತ್ತಿಕೊಂಡಳು.