ಉಸಿರು ಕಟ್ಟಿ ಕೊಬ್ಬು ಕರಗಿಸುವವನು

ಕಾರವಾರದ ಕಡಲಬಂಡೆಗಳಲ್ಲಿ ಮುಳುಗಿ, ಬಂಡೆಗಂಟಿ ಬೆಳೆಯುವ ತಿನ್ನುವ ಚಿಪ್ಪಿಕಲ್ಲು ಕೀಳುತ್ತಿದ್ದ ಒಬ್ಬನಿಂದ ನಾನು ಮಾಲು ಕೊಳ್ಳುತ್ತಿದ್ದೆ. ನೀರಿನಿಂದ ಎದ್ದವನೇ ಮೂಗು ಹಿಂಡಿಕೊಂಡು, “ಗಾಳಿ ಬೇಕಾಗೂದು ಸೋಮಾರಿಗಳಿಗೆ” ಅನ್ನುತ್ತಿದ್ದ. ಉಸಿರು ಕಟ್ಟಿದಷ್ಟೂ ರಕ್ತದ ಕೊಬ್ಬು ಉರಿದುಹೋಗುತ್ತದೆ ಎಂಬುದು ಅವನೇ ಕಟ್ಟಿಕೊಂಡ ವೈದ್ಯಶಾಸ್ತ್ರ.

ಊರಿಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಅವನಿಗೆ ಹಡಗಿನಲ್ಲಿ ಅಡುಗೆ ಕೆಲಸ ಬಹುತೇಕ ಗಟ್ಟಿಯಾಗಿತ್ತು; ರಕ್ತಪರೀಕ್ಷೆಯೊಂದು ಪಾಸಾಗಬೇಕಿತ್ತು. “ಪರೀಕ್ಷೆಗೆ ಮುಂಚೆ ಎರಡು ದಿನ ಮನೇಲಿ ಸುಮ್ನೆ ಬಿದ್ಕೊ” ಎಂದೆ. ಈ ಮಹಾಶಯ ಪರೀಕ್ಷೆಯ ದಿನ ಬೆಳಿಗ್ಗೆಯೇ ಹತ್ತು ಮುಳುಗು ಹೊಡೆದು, ಒದ್ದೆ ತಲೆಯಲ್ಲಿ ನನ್ನ ಜೊತೆ ಬಸ್ಸು ಹತ್ತಿ ಅಂಕೋಲೆಯ ಡಾಕ್ಟರರ ಎದುರು ಕುಳಿತ. ಕೊಬ್ಬು ಮಿತಿ ಮೀರಿತ್ತು.

“ಗಾಳಿ ಕಮ್ಮಿಯಾದ್ರೆ ಗಟ್ಟಿಮುಟ್ಟಾದವರ ರಕ್ತದಲ್ಲೂ ಕೊಬ್ಬು ಏರ್ತದೆ ಮಾರಾಯಾ. ನೀರಿಗೆ ಇಳೀದೆ ಸೋಮವಾರ ಬಾ. ಅದೇ ಕಡೇ ಸಲ” ಎಂದರು ಡಾಕ್ಟರು.

ಬಸ್ಸಿನಲ್ಲಿ ಕಾರವಾರ ಮುಟ್ಟುವವರೆಗೂ ನಾನು ಅದನ್ನೇ ಹೇಳಿದೆ. ಪುಕ್ಕಟೆ ಸಿಗುವ ಬುದ್ಧಿಮಾತಿಗೆ ಬೆಲೆಯೆಲ್ಲಿ?

ಸೋಮವಾರ ಹದಿನೈದು ಮುಳುಗು ಹೊಡೆದು ಡಾಕ್ಟರರ ಬಳಿ ಹೋದ; ಕೊಬ್ಬು ಇನ್ನೂ ಏರಿತ್ತು. ಹಡಗು ಬೇರೊಬ್ಬ ಅಡುಗೆಯವನನ್ನು ಹತ್ತಿಸಿಕೊಂಡು ಹೊರಟಿತು. ಅದು ಕಡಲಂಚಿನಲ್ಲಿ ಸಣ್ಣದಾಗುವುದನ್ನು ಬಂಡೆಯ ಮೇಲೆ ನಿಂತು ನೋಡುತ್ತ ಅವನು ಮೂಗು ಹಿಂಡಿಕೊಂಡ.

“ತಪ್ಪು ನಂದೇ ಭಾವ” ಎಂದ. “ಇಪ್ಪತ್ತು ಹೊಡೀಬೇಕಾಗಿತ್ತು.”