ತೊಳೆಯದ ಮರಳು

ಮಸ್ಕತ್ತಿನಲ್ಲಿ ಸಮುದ್ರದ ದಡಕ್ಕೆ ಮರಳು ತುಂಬಿಸುವ ಕೆಲಸ ಮಾಡಿದ್ದೆ ಎಂದರೆ ಊರಿನವರು ಇವತ್ತಿಗೂ ನಗುತ್ತಾರೆ. ನಗಲಿ. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಹೋಟೆಲಿನವರು ತಮ್ಮ ದೋಣಿಗಳಿಗೆಂದು ಕಡಲೊಳಗೆ ಕಲ್ಲಿನ ಗೋಡೆ ಕಟ್ಟಿಸಿದ್ದರು. ಗೋಡೆಯ ಒಂದು ಮಗ್ಗುಲಲ್ಲಿ ಮರಳು ರಾಶಿ ಬಿತ್ತು. ಇನ್ನೊಂದು ಮಗ್ಗುಲಲ್ಲಿ, ಅಂದರೆ ಹೋಟೆಲಿನ ಎದುರಿಗೇ, ದಂಡೆ ಕೊರೆದುಹೋಯಿತು. ಹೋದ ಮರಳಿನ ಬದಲಿಗೆ ಬೇರೆ ಮರಳು ತಂದು ಹಾಸುವ ಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಿತು.

ನಾನು ಮಸ್ಕತ್ತಿನದೇ ಘಾಲಾ ಎಂಬಲ್ಲಿ ಕಂಪನಿಯ ಲ್ಯಾಬಿನಲ್ಲಿದ್ದೆ. ಲ್ಯಾಬ್ ಎಂದರೆ ತಗಡಿನ ಕೋಣೆ, ಒಂದು ಒಲೆ, ಒಂದು ತಕ್ಕಡಿ, ಒಂದರ ಮೇಲೊಂದು ಕೂರುವ ಹಿತ್ತಾಳೆಯ ಜರಡಿಗಳು. ಬಂದ ಮರಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು, ಅದರಲ್ಲಿ ಮಣ್ಣಿನ ಪಾಲು ಎಷ್ಟೆಂದು ಬರೆಯುವುದು ನನ್ನ ಕೆಲಸ. ಡಿಪ್ಲೊಮಾ ಮಾಡಿದವನೆಂಬ ಕೊಬ್ಬು ಸಾಕಷ್ಟಿತ್ತು.

ದಂಡೆಯಲ್ಲಿ ಬುಲ್ಡೋಜರ್ ಓಡಿಸುತ್ತಿದ್ದವನು ಉಡುಪಿ ಕಡೆಯ ಮೊಗವೀರ, ಕಡಲಿನಲ್ಲಿ ಮೀನು ಹಿಡಿಯುವವರ ಪೈಕಿ. ಅವನ ಮನೆಮಾತು ತುಳು, ನನ್ನದು ಕೊಂಕಣಿ. ನನ್ನ ತುಳು ಕೇಳಿದರೆ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ, ಹಾಗಾಗಿ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಒಣಹೊಳೆಯ ಹೊಂಡದಿಂದ ಮೊದಲ ಲಾರಿಗಳು ಬಂದ ದಿನ ಅವನು ಚಪ್ಪಲಿ ಬಿಟ್ಟು ಮರಳಿನ ರಾಶಿ ಹತ್ತಿ ನಿಂತ.

“ಸರ್, ಇದು ಕಾಲಿಗೆ ಹಿಡೀತದೆ. ಕಡಲಿನ ಹೊಯ್ಗೆ ಕೊಡವಿದ್ರೆ ಉದುರ್ಬೇಕು. ಇದ್ರಲ್ಲಿ ಬರೀ ಮಣ್ಣು ಉಂಟು. ಒಂದು ದೊಡ್ಡ ಗಾಳಿ ಬಂದ್ರೆ ಖಲಾಸ್.”

“ಅದನ್ನು ಹೇಳ್ಲಿಕ್ಕೆ ನನ್ನ ಜರಡಿ ಉಂಟು ಮಾರಾಯ, ನಿನ್ನ ಕಾಲು ಬೇಡ,” ಎಂದೆ.

ಅವನ ಕಾಲು ಹೇಳಿದ್ದನ್ನೇ ಜರಡಿಯೂ ಹೇಳಿತು. ಮರಳು ತೊಳೆದ ನೀರು ಚಹಾದ ಹಾಗೆ ಕೆಂಪಾಗಿತ್ತು. ಕಾಗದ ಹಿಡಿದುಕೊಂಡು ಮ್ಯಾನೇಜರ್ ಬಳಿ ಹೋದೆ. ಅವನ ಮೇಜಿನ ಮೇಲೆ ನನ್ನ ಹೆಂಡತಿ ಮತ್ತು ಮಗಳ ವೀಸಾ ಅರ್ಜಿ ತಿಂಗಳುಗಟ್ಟಲೆ ಕೂತಿತ್ತು. ಮಗಳಿಗೆ ಮೂರು ವರ್ಷ. ನಾನು ಅವಳನ್ನು ಕಂಡದ್ದು ಒಂದೇ ರಜೆಯಲ್ಲಿ. ಅವನು ನನ್ನ ವರದಿ ಓದಲೇ ಇಲ್ಲ.

“ತೊಳೆಯದೆ ಇನ್ನೊಮ್ಮೆ ಮಾಡು,” ಎಂದು ಹಿಂದಿಯಲ್ಲಿ ಹೇಳಿದ. “ನಿನ್ನ ಅರ್ಜಿ ಈ ವಾರ ಕಫೀಲ್ ಹತ್ತಿರ ಸಹಿಗೆ ಹೋಗುತ್ತದೆ.” ಕಫೀಲ್ ಎಂದರೆ ನಮ್ಮ ವೀಸಾಗಳಿಗೆ ಜಾಮೀನು ನಿಂತ ಒಮಾನಿ ಧಣಿ.

ತೊಳೆಯದಿದ್ದರೆ ಮಣ್ಣು ಮರಳಿನ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಕೊನೆಯ ಜರಡಿಯಿಂದ ಕೆಳಗೆ ಇಳಿಯುವುದಿಲ್ಲ. ಹಾಗೆಯೇ ಮಾಡಿದೆ. ಮರಳು ಪಾಸಾಯಿತು. ಒಂದು ಅಂಕಿಯನ್ನೂ ಸುಳ್ಳು ಬರೆಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಥೂ.

ಆ ಚಳಿಗಾಲ ವಾಯವ್ಯ ದಿಕ್ಕಿನ ಶಮಾಲ್ ಗಾಳಿ ಮೂರು ದಿನ ಬಿಡದೆ ಬೀಸಿತು. ದಡದುದ್ದಕ್ಕೂ ಸಮುದ್ರ ಕೆಂಪಾಯಿತು, ನಾವು ಹಾಸಿದ ದಂಡೆ ಹೇಳಹೆಸರಿಲ್ಲದೆ ಹೋಯಿತು. ಹೋಟೆಲಿನವರು ಹಾರಾಡಿದರು. ಯಾರದಾದರೊಬ್ಬರ ತಲೆ ಬೇಕಿತ್ತು. ಮರಳು ಸರಿಯಿದೆ ಎಂಬುದಕ್ಕೆ ನನ್ನ ಕಾಗದವಿದೆ. ಹಾಗಾದರೆ ಇಳಿಜಾರು ಸರಿಯಾಗಿ ಹಾಸದ ಬುಲ್ಡೋಜರಿನವನದೇ ತಪ್ಪು ಎಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. ಮ್ಯಾನೇಜರ್ ನನ್ನತ್ತ ನೋಡಿದ. ವೀಸಾ ಕೈಗೆ ಬಂದು ಎರಡು ದಿನವಾಗಿತ್ತಷ್ಟೆ, ಅದನ್ನು ರದ್ದು ಮಾಡಿಸಲು ಅವನ ಒಂದು ಫೋನ್ ಸಾಕಿತ್ತು. ನಾನು ಬಾಯಿಗೆ ಬೀಗ ಹಾಕಿ ಕೂತೆ.

ಒಂದು ವಾರದೊಳಗೆ ಬುಲ್ಡೋಜರಿನವನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸುವುದೆಂದಾಯಿತು. ಊರಿಗೆ ಹೊರಟವರು ಪರಿಚಯದವರ ಬಾಗಿಲಿಗೆ ಬಂದು ಕೇಳಿ ಹೋಗುವುದು ನಮ್ಮವರಲ್ಲಿ ರೂಢಿ. ಪೋಸ್ಟಿಗೆ ಹಾಕಿದ್ದು ಯಾವಾಗಲೋ ತಲುಪುತ್ತದೆ, ಕೈಯಲ್ಲಿ ಕೊಟ್ಟದ್ದು ಖಂಡಿತ ಮುಟ್ಟುತ್ತದೆ. ಅವನೂ ಹಮ್ರಿಯಾದ ನನ್ನ ರೂಮಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಸರ್, ಊರಿಗೆ ಎಂತಾದ್ರೂ ಕೊಡ್ಲಿಕ್ಕುಂಟಾ?”

ಇಲ್ಲ ಎನ್ನಬೇಕಿತ್ತು. ನನಗೆ ಅವಸರವಿತ್ತು. ವೀಸಾದ ಪ್ರತಿ ಇದ್ದ ಕವರು ತಂದು ಅವನ ಕೈಗಿಟ್ಟೆ. ಅವನು ಅದನ್ನು ಶರ್ಟಿನ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡ.

“ಆ ಮರಳು ತೊಳೆದಾಗ ಎಂತ ಬಂತು ಸರ್?”

“ಸರಿ ಇತ್ತು,” ಎಂದೆ.

ಅವನು ತಲೆಯಾಡಿಸಿ ಮೆಟ್ಟಿಲಿಳಿದ.

ಹೆಂಡತಿಯ ಕಾಗದ ಬಂತು. ಅವನು ತನ್ನ ಮನೆಗೂ ಹೋಗದೆ, ಎರಡು ಬಸ್ಸು ಬದಲಿಸಿ, ಮೊದಲು ನಮ್ಮ ಮನೆಗೇ ಬಂದು ಕವರು ಕೊಟ್ಟನಂತೆ. ತುಂಬ ಒಳ್ಳೆಯ ಜನ, ಅವರ ರಜೆ ಯಾವಾಗ ಮುಗಿಯುತ್ತದೆ ಕೇಳಿ ತಿಳಿಸಿ, ನಾನೂ ಮಗಳೂ ಅವರ ಜೊತೆಯಲ್ಲೇ ವಿಮಾನ ಹತ್ತುತ್ತೇವೆ ಎಂದು ಬರೆದಿದ್ದಳು.