ಹನ್ನೊಂದನೇ ಟ್ಯೂಬು

ದೆಹಲಿಯ ಹೌಜ್ ಖಾಸ್‌ಗೆ ಮೆಟ್ರೋ ಇನ್ನೂ ಬಂದಿರದ ಕಾಲ. ಅಲ್ಲಿನ ಒಂದು ಲ್ಯಾಬಿನಲ್ಲಿ ನಾನು ಮಲೇರಿಯಾ ಮೇಲೆ ಕೆಲಸ ಮಾಡುತ್ತಿದ್ದೆ. ಫರೀದಾಬಾದ್ ಕಡೆಯ ಆಸ್ಪತ್ರೆಯೊಂದರಿಂದ ಪುಟ್ಟ ಮಕ್ಕಳ ರಕ್ತ ಐಸ್ ಡಬ್ಬಿಯಲ್ಲಿ ಬರುತ್ತಿತ್ತು. ಟ್ಯೂಬಿನ ಮೇಲೆ ಹೆಸರಿಲ್ಲ, ಬರೀ ನಂಬರು. ಮಗುವಿನ ಸ್ಥಿತಿ ಮೊದಲೇ ಗೊತ್ತಿದ್ದರೆ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ ಅಂತ ಈ ಏರ್ಪಾಡು. ರಕ್ತದೊಳಗಿನ ಮಲೇರಿಯಾ ಪರಾವಲಂಬಿಯ ಯಾವ ಜೀನ್‌ಗಳು ಚುರುಕಾಗಿವೆ ಎಂದು ನೋಡಿ, ಯಾವ ಮಗುವಿನ ಜ್ವರ ಮಿದುಳಿಗೇರಿತ್ತು, ಯಾವುದರದ್ದು ಹಗುರವಾಗಿ ಬಿಟ್ಟಿತ್ತು ಎಂದು ನಾನು ಊಹಿಸಬೇಕಿತ್ತು.

ಊಹೆಗಳನ್ನು ತಾಳೆ ನೋಡುವ ದಿನ, ರಕ್ತ ತೆಗೆದಿದ್ದ ಸಿಸ್ಟರೇ ಆಸ್ಪತ್ರೆಯ ರಿಜಿಸ್ಟರ್ ಹಿಡಿದು ಬಂದರು. ಒಂದೊಂದೇ ನಂಬರು ಓದುತ್ತಾ ಹೋದರು. 'ತೀವ್ರ' ಎಂದು ನಾನು ಬರೆದದ್ದು ಸರಿಯಾದಾಗಲೆಲ್ಲ ಖುಷಿಯಿಂದ ಮೇಜು ಗುದ್ದುತ್ತಿದ್ದೆ. ಅವರು ತಲೆಯೆತ್ತದೆ ಮುಂದಿನದನ್ನು ಓದುತ್ತಿದ್ದರು.

ಹನ್ನೊಂದರಲ್ಲಿ ಮಾತ್ರ ಎಡವಿದೆ. ನಾನು 'ತೀವ್ರ' ಎಂದು ಬರೆದಿದ್ದೆ, ರಿಜಿಸ್ಟರಿನಲ್ಲಿ ಹಾಗಿರಲಿಲ್ಲ. ನನಗೆ ರೇಗಿಹೋಯಿತು. "ಟ್ಯೂಬು ಅದಲುಬದಲಾಗಿರಬೇಕು, ಸರಿಯಾಗಿ ನೋಡಿ. ಇದೊಂದು ನನ್ನ ಲೆಕ್ಕವನ್ನೆಲ್ಲ ಕೆಡಿಸಿತು," ಎಂದು ಹಿಂದಿಯಲ್ಲಿ ಸಿಡುಕಿದೆ.

ಸಿಸ್ಟರ್ ಆವತ್ತು ಮೊದಲ ಸಲ ನಕ್ಕರು. "ಅದಲುಬದಲಾಗಿಲ್ಲ ಸರ್. ಈ ಹುಡುಗಿ ನನಗೆ ಚೆನ್ನಾಗಿ ನೆನಪಿದ್ದಾಳೆ. ಮೂರನೇ ದಿನ ಅಮ್ಮನ ಕೈ ಬಿಡಿಸಿಕೊಂಡು, ತಾನೇ ನಡೆದು ಮನೆಗೆ ಹೋದಳು."

ನಾನು ಮೇಜು ಗುದ್ದಬೇಕಾಗಿದ್ದದ್ದು ಆ ಒಂದು ನಂಬರಿಗೆ.